ಕ್ಯಾನ್ಸರ್: ಶಸ್ತ್ರಚಿಕಿತ್ಸೆಗೆ ಮೊದಲು ಔಷಧವೇಕೆ?



ಕಾಸರಗೋಡಿನ ಕನ್ನಡ ಕುಟುಂಬಗಳಿಂದ ಕ್ಯಾನ್ಸರ್ ಚಿಕಿತ್ಸೆಗಾಗಿ ತಿರುವನಂತಪುರಕ್ಕೆ ಹೊರಡುವವರು ರೈಲಿನಲ್ಲಿ ಐನೂರಕ್ಕೂ ಹೆಚ್ಚು ಕಿಲೋಮೀಟರು ಪಯಣಿಸಿ ತಂಪಾನೂರಿನ ನಿಲ್ದಾಣದಲ್ಲಿ ಇಳಿಯುತ್ತಾರೆ. ಅಲ್ಲಿಂದ ಅವರು ತಲಪುವುದು ವೈದ್ಯಕೀಯ ಕಾಲೇಜಿನ ಆವರಣದಲ್ಲಿರುವ, 1981ರಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವನ್ನು. ಇಷ್ಟು ದೂರ ಬಂದವರಿಗೆ, ಗಡ್ಡೆಯನ್ನು ಕೂಡಲೇ ತೆಗೆಯದೆ ಕೆಲವು ತಿಂಗಳು ಔಷಧ ನೀಡುವುದಾಗಿ ವೈದ್ಯರು ಹೇಳಿದರೆ ಆತಂಕವಾಗುವುದು ಸಹಜ. ಆದರೆ ಇದು ಕಾಲಹರಣವಲ್ಲ. ಚಿಕಿತ್ಸೆಯ ಆರಂಭವೇ ಆಗಿದೆ.

ಇದರಿಂದ ಮೂರು ಪ್ರಯೋಜನಗಳನ್ನು ನಿರೀಕ್ಷಿಸಲಾಗುತ್ತದೆ. ಗಡ್ಡೆ ಕುಗ್ಗಿದರೆ ಶಸ್ತ್ರಚಿಕಿತ್ಸೆ ಸುಲಭವಾಗುತ್ತದೆ. ಅನೇಕ ವೇಳೆ ಸ್ತನವನ್ನು ಪೂರ್ಣವಾಗಿ ತೆಗೆಯಬೇಕಾಗುವುದಿಲ್ಲ. ಕಣ್ಣಿಗೆ ಕಾಣದಂತೆ ದೇಹದಲ್ಲಿ ಹರಡಿರಬಹುದಾದ ಕ್ಯಾನ್ಸರ್ ಕಣಗಳ ಮೇಲೂ ಔಷಧ ಬೇಗನೆ ಕೆಲಸ ಮಾಡುತ್ತದೆ. ಔಷಧಕ್ಕೆ ರೋಗವು ಮಣಿಯುತ್ತಿದೆಯೇ ಎಂಬುದೂ ವೈದ್ಯರಿಗೆ ತಿಳಿಯುತ್ತದೆ.

ಕ್ಯಾನ್ಸರ್ ಕಣಗಳು ನಮ್ಮ ದೇಹದ ರಕ್ಷಕ ಕಣಗಳಿಗೆ ಒಂದು ಬಗೆಯ ತಡೆ ಹಾಕುತ್ತವೆ. ಆ ತಡೆಯನ್ನು ತೆರವುಗೊಳಿಸುವುದೇ ಇಮ್ಯುನೋಥೆರಪಿ. ಈ ಮಾರ್ಗವನ್ನು ತೋರಿದ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಗಡ್ಡೆ ದೇಹದಲ್ಲಿರುವಾಗಲೇ ಈ ಔಷಧ ನೀಡಿದರೆ ರಕ್ಷಕ ಕಣಗಳು ಶತ್ರುವನ್ನು ಚೆನ್ನಾಗಿ ಗುರುತಿಸಬಲ್ಲವು. ‘ಟ್ರಿಪಲ್ ನೆಗೆಟಿವ್’ ಎಂಬ ಬಗೆಯ ಸ್ತನ ಕ್ಯಾನ್ಸರಿನಲ್ಲಿ, ಶಸ್ತ್ರಚಿಕಿತ್ಸೆಗೆ ಮೊದಲೂ ಅನಂತರವೂ ಪೆಂಬ್ರೋಲಿಜುಮಾಬ್ ನೀಡಿದ ಅಧ್ಯಯನದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಅದನ್ನು ಪಡೆದವರಲ್ಲಿ ಐದು ವರ್ಷಗಳ ಬಳಿಕ ಬದುಕಿದ್ದವರು ನೂರಕ್ಕೆ ಸುಮಾರು 87. ಅದಿಲ್ಲದೆ ಕಿಮೋಥೆರಪಿ ಪಡೆದವರಲ್ಲಿ ಸುಮಾರು 82.

ಆದರೆ ಈ ಕ್ರಮ ಎಲ್ಲ ಕ್ಯಾನ್ಸರುಗಳಿಗೂ ಅನ್ವಯಿಸುವುದಿಲ್ಲ. ಅನೇಕ ಸಣ್ಣ ಗಡ್ಡೆಗಳಿಗೆ ನೇರ ಶಸ್ತ್ರಚಿಕಿತ್ಸೆಯೇ ಸೂಕ್ತ. ಇಮ್ಯುನೋಥೆರಪಿ ದುಬಾರಿಯೂ ಹೌದು. ಆದುದರಿಂದ ಸರ್ಕಾರಿ ಆರೋಗ್ಯ ಯೋಜನೆಗಳ ನೆರವನ್ನೂ, ರೋಗಿಗೆ ದೊರೆಯುವ ರೈಲು ರಿಯಾಯಿತಿಯನ್ನೂ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿರಿ. ಔಷಧದ ಅವಧಿಯಲ್ಲಿ ಜ್ವರ, ತೀವ್ರ ಭೇದಿ ಅಥವಾ ಉಸಿರಾಟದ ತೊಂದರೆ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಅತ್ಯಂತ ಮುಖ್ಯವಾದ ಮಾತೊಂದಿದೆ. ಕೆಲವು ಸರದಿಗಳ ಔಷಧದಿಂದ ಗಡ್ಡೆ ಕೈಗೆ ಸಿಗದಂತಾದಾಗ, ರೋಗ ವಾಸಿಯಾಯಿತೆಂದು ಊರಿನಲ್ಲೇ ಉಳಿದುಬಿಡುವುದು ಅಪಾಯಕರ. ಕೈಗೆ ಸಿಗದ ಕಡೆಯಲ್ಲೂ ಜೀವಂತ ಕ್ಯಾನ್ಸರ್ ಕಣಗಳು ಉಳಿದಿರಬಹುದು. ತೆಗೆದ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಮೇಲೆಯೇ ಅದು ಖಚಿತವಾಗುತ್ತದೆ. ಮುಂದಿನ ಚಿಕಿತ್ಸೆಯೂ ಅದನ್ನೇ ಅವಲಂಬಿಸಿದೆ. ದಾರಿ ಎಷ್ಟೇ ದೂರವಿರಲಿ, ಶಸ್ತ್ರಚಿಕಿತ್ಸೆಗೆ ಗೊತ್ತುಪಡಿಸಿದ ದಿನ ತಪ್ಪದೆ ಆಸ್ಪತ್ರೆಗೆ ಹಿಂದಿರುಗಿರಿ.