ಕೊಳಗದ ಅಳತೆ

ಸಕ್ರೆಬೈಲಿನ ಬಿಡಾರದಲ್ಲಿ ತುಂಗೆಯ ಹಿನ್ನೀರಿಗಿಳಿದ ಆನೆಗಳ ಮೈಯನ್ನು ಮಾವುತರು ತಿಕ್ಕಿ ತೊಳೆಯುತ್ತಿರುವ ಈ ಪ್ರಾತಃಕಾಲದಲ್ಲಿ, ಕೇಳುಗ ಬಂಧುಗಳೇ, ನನ್ನ ಮನಸ್ಸು ಆ ಊರಿನ ಹೆಸರಿನ ಉತ್ತರಾರ್ಧದಲ್ಲಿಯೇ ನಿಂತಿದೆ. ಬೈಲೆಂದರೆ ಗದ್ದೆಯ ಹರವು. ಗದ್ದೆಯೆಂದೊಡನೆ ನನಗೆ ನೆನಪಾಗುವುದು ಇದೇ ಜಿಲ್ಲೆಯ ಸಾಗರ ಸೀಮೆಯ ಕಾಗೋಡು.

ಭತ್ತ ಅಳೆಯುವ ಕೊಳಗವನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ. ವರ್ಷವಿಡೀ ಕೆಸರಿನಲ್ಲಿ ದುಡಿದ ಕಾಗೋಡಿನ ಗೇಣಿದಾರನು ಒಡೆಯನ ಅಂಗಳದಲ್ಲಿ ತನ್ನ ಬೆಳೆಯನ್ನು ಸುರಿದಾಗ, ಅಲ್ಲಿಯ ಕೊಳಗವು ರೂಢಿಯ ಕೊಳಗಕ್ಕಿಂತ ದೊಡ್ಡದಾಗಿದ್ದುದರಿಂದ, ಒಂದೊಂದು ಅಳತೆಯಲ್ಲಿಯೂ ಅವನ ಮಕ್ಕಳ ಹಿಡಿ ಅನ್ನ ಜಾರಿಹೋಗುತ್ತಿತ್ತು. ಅಳತೆ ನ್ಯಾಯವಾಗಿರಲಿ, ಕೊಟ್ಟ ಗೇಣಿಗೆ ರಶೀದಿ ದೊರೆಯಲಿ ಎಂದು ಬಹುಮಟ್ಟಿಗೆ ದೀವರ ಸಮುದಾಯದವರೇ ಆಗಿದ್ದ ಆ ರೈತರು ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಕೇಳಿದರು. ಕೇಳಿದುದಕ್ಕೆ ಗದ್ದೆಯೇ ಕೈತಪ್ಪಿತು. 1951ರ ಏಪ್ರಿಲ್ ತಿಂಗಳಿನಲ್ಲಿ ಅವರು ನೇಗಿಲು ಹೊತ್ತು, ತಂಡತಂಡವಾಗಿ ಆ ನೆಲಕ್ಕೇ ಇಳಿದು ಬಂಧಿತರಾದರು.

ಮೊದಲ ದಿನ ಇಳಿದವರ ಧೈರ್ಯಕ್ಕೆ ಕೈಮುಗಿಯುತ್ತೇನೆ. ನಿನ್ನೆ ಹೋದವರ ಗತಿಯನ್ನು ಕಣ್ಣಾರೆ ಕಂಡು, ಮನೆಯಲ್ಲಿ ಅಕ್ಕಿ ಮುಗಿಯುತ್ತ ಬಂದುದನ್ನೂ ಅರಿತು, ಯಾರ ಮೇಲೆಯೂ ಕೈಯೆತ್ತದೆ, ಮರುದಿನ ಅದೇ ಗದ್ದೆಗೆ ನಡೆದವನ ಧೈರ್ಯವನ್ನಾದರೋ ಅದಕ್ಕಿಂತಲೂ ಮೇಲೆಂದು ಎಣಿಸುತ್ತೇನೆ. ಅಂಥದೇ ಧೈರ್ಯ ಮುಂದೆ ದೂರದ ನಾಡಿನಲ್ಲಿಯೂ ಕಾಣಿಸಿತು. 1960ರಲ್ಲಿ ಅಮೆರಿಕದ ಗ್ರೀನ್ಸ್‌ಬರೋ ನಗರದ ಅಂಗಡಿಯೊಂದರಲ್ಲಿ, ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಕಟ್ಟೆಯ ಮುಂದೆ ಕಪ್ಪು ಜನಾಂಗದ ನಾಲ್ವರು ವಿದ್ಯಾರ್ಥಿಗಳು ಕುಳಿತರು. ಮರುದಿನ ಇಪ್ಪತ್ತಕ್ಕೂ ಹೆಚ್ಚು ಮಂದಿ ಬಂದು ಕುಳಿತರು. ಅವರಿಗೂ ನಮ್ಮ ಗೇಣಿದಾರರಿಗೂ ಪರಸ್ಪರ ಪರಿಚಯವಿರಲಿಲ್ಲ.

ಆದರೆ ಎರಡೂ ನಾಡಿನ ಹೋರಾಟವನ್ನು ಬಲ್ಲವರೊಬ್ಬರಿದ್ದರು. 1951ರ ಜೂನ್‌ನಲ್ಲಿ ಕಾಗೋಡಿನ ರೈತರೊಡನೆ ನಿಂತು ಸೆರೆಯಾದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು, ಕೆಲವೇ ವಾರಗಳ ಅನಂತರ ಅಮೆರಿಕಕ್ಕೆ ತೆರಳಿ, ವರ್ಣಭೇದವನ್ನು ಸತ್ಯಾಗ್ರಹದಿಂದ ಎದುರಿಸಬೇಕೆಂದು ಅಲ್ಲಿಯವರಿಗೆ ಹೇಳಿದರು. ಹೇಳಿದುದನ್ನು ತಾವೇ ಮಾಡಿಯೂ ತೋರಿದರು: 1964ರ ಮೇ ತಿಂಗಳಲ್ಲಿ ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರದಲ್ಲಿ, ಬಿಳಿಯರಿಗಷ್ಟೇ ಪ್ರವೇಶವಿದ್ದ ಉಪಾಹಾರ ಗೃಹವೊಂದರ ಬಾಗಿಲಿಗೆ ಹೋಗಿ, ಹಿಂದಿರುಗಲೊಲ್ಲದೆ ಬಂಧಿತರಾದರು.

ಲೋಹಿಯಾ ಅವರ ಹೆಸರು ಗ್ರಂಥಗಳಲ್ಲಿ ಉಳಿದಿದೆ. ನೇಗಿಲು ಹೊತ್ತ ಬಹುಮಂದಿಯ ಹೆಸರು ಉಳಿದಿರುವುದು ಅವರವರ ಮನೆಯವರ ನೆನಪಿನಲ್ಲಿ ಮಾತ್ರ. ಸಾಗರ ಸೀಮೆಯಲ್ಲಿ ನಿಮಗೆ ನಂಟರಿದ್ದರೆ, ಮುಂದಿನ ಸಲ ಹೋದಾಗ ಹಿರಿಯರ ಬಳಿ ಕುಳಿತು ಕೇಳಿ. ಅವರು ಹೇಳಿದ ಹೆಸರುಗಳನ್ನು ದಯವಿಟ್ಟು ಬರೆದಿಡಿ.