ಉಳಿತಾಯಕ್ಕೂ ಒಂದು ಹೊತ್ತಿದೆ

ಅನ್ನ ಚೆಲ್ಲಬಾರದು ಎಂಬುದನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಭೀಮೆ ಬಂದು ಕೃಷ್ಣೆಯನ್ನು ಕೂಡುವ ಸೀಮೆ ನಮ್ಮದು. ನಾರಾಯಣಪೇಟೆ, ಮಕ್ತಲ, ಗದ್ವಾಲದ ಕಡೆಯವರಿಗೆ ಮಿತವ್ಯಯ ಕಲಿಸಿದ್ದು ಪುಸ್ತಕವಲ್ಲ, ಮಳೆ ಕೈಕೊಟ್ಟ ವರ್ಷಗಳು. ಆದರೂ ಮಿತವ್ಯಯ ಒಂದು ಕಡೆಗೆ, ಆರೋಗ್ಯ ಇನ್ನೊಂದು ಕಡೆಗೆ ಜಗ್ಗುವ ಗಳಿಗೆ ಪ್ರತಿ ಅಡುಗೆಮನೆಯಲ್ಲೂ ಬರುತ್ತದೆ. ನಿನ್ನೆಯ ಅನ್ನ ಪಾತ್ರೆಯಲ್ಲಿದೆ, ಬಣ್ಣಗೆಟ್ಟ ಶೇಂಗಾ ಮೊರದಲ್ಲಿದೆ, ಖಾಲಿಯಾದ ಗಟ್ಟಿಮುಟ್ಟಾದ ಕೀಟನಾಶಕದ ಡಬ್ಬಿಯೊಂದು ಮೂಲೆಯಲ್ಲಿದೆ. ಎಸೆದರೆ ನಷ್ಟ, ಬಳಸಿದರೆ ಅಪಾಯ. ಈ ಇಕ್ಕಟ್ಟಿನಿಂದ ಹೊರಬರುವ ದಾರಿ ಒಂದೇ ಎಂಬುದು ಇಂದಿನ ಮಾತಿನ ತಿರುಳು. ಉಳಿತಾಯ ಮಾಡಬೇಕಾದ ಹೊತ್ತು ಪದಾರ್ಥ ಕೆಡುವುದಕ್ಕೆ ಮುಂಚೆ. ಕೆಟ್ಟ ಮೇಲೆ ಮಾಡುವ ಉಳಿತಾಯ ಲೆಕ್ಕದಲ್ಲಿ ಉಳಿತಾಯದಂತೆ ಕಂಡರೂ ಕೊನೆಗೆ ಖರ್ಚೇ ಆಗುತ್ತದೆ.

ಮೊದಲು ನಮ್ಮ ರೊಟ್ಟಿಯನ್ನೇ ನೋಡೋಣ. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಗದ್ವಾಲ ರಾಯಚೂರು ಜಿಲ್ಲೆಯಲ್ಲಿತ್ತು. ಗಡಿ ಬದಲಾಯಿತು, ತಟ್ಟೆ ಆಗ ಬದಲಾಗಲಿಲ್ಲ. ಎರಡೂ ಕಡೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಣಮೆಣಸಿನಕಾಯಿ ಖಾರ. ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಬೇಯಿಸಿ, ಒಲೆಯ ಪಕ್ಕ ಒರಗಿಸಿ, ತೇವ ಪೂರ್ತಿ ಆರುವವರೆಗೆ ಬಿಟ್ಟರೆ ಅದು ಖಡಕ್ ರೊಟ್ಟಿ. ಬಟ್ಟೆ ಮುಚ್ಚಿ ಬುಟ್ಟಿಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಇದರ ಗುಟ್ಟು ನೀರಿನಲ್ಲಿದೆ. ಬ್ಯಾಕ್ಟೀರಿಯಾ ಆಗಲಿ ಬೂಷ್ಟಾಗಲಿ ಬೆಳೆಯಬೇಕಾದರೆ ಆಹಾರದಲ್ಲಿ ಅವಕ್ಕೆ ದಕ್ಕುವಷ್ಟು ನೀರಿರಬೇಕು. ನೀರನ್ನು ತೆಗೆದುಬಿಟ್ಟರೆ ಅವು ಸಾಯದಿದ್ದರೂ ಬೆಳೆಯಲಾರವು. ಚಟ್ನಿಪುಡಿ, ಸಂಡಿಗೆ, ಹಪ್ಪಳ, ಬಿಸಿಲಿಗೆ ಹಾಕಿದ ಬೇಳೆ, ಎಲ್ಲದರ ಹಿಂದೆಯೂ ಇದೇ ತತ್ವ. ಉಪ್ಪಿನಕಾಯಿಯಲ್ಲಿ ಉಪ್ಪು ಮತ್ತು ಹುಳಿ ಅದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತವೆ. ಗಮನಿಸಬೇಕಾದ್ದು, ಇಲ್ಲಿ ಉಳಿತಾಯವೂ ಸುರಕ್ಷತೆಯೂ ಒಂದೇ ಕ್ರಿಯೆ. ರೊಟ್ಟಿ ಒಣಗಿಸಿದವರು ನಾಳೆಯ ಸೌದೆಯನ್ನೂ ಉಳಿಸಿದರು, ನಾಳಿನ ಹೊಟ್ಟೆಯನ್ನೂ ಕಾಪಾಡಿದರು. ಕೆಡುವುದಕ್ಕೆ ಮುಂಚೆ ಕೈ ಹಾಕಿದ್ದರಿಂದ ಅದು ಸಾಧ್ಯವಾಯಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನಮ್ಮ ಹಿರಿಯರು ತಂಗಳು ಉಂಡೇ ಗಟ್ಟಿಯಾಗಿದ್ದರು, ಈಗೇಕೆ ಇಷ್ಟು ಮಡಿ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಿರಿಯರ ತಂಗಳು ಹೆಚ್ಚಾಗಿ ಯಾವುದಾಗಿತ್ತು ಎಂದು ಕೇಳಿದರೆ ಉತ್ತರ ಸಿಗುತ್ತದೆ. ಅದು ಒಣ ರೊಟ್ಟಿ, ಇಲ್ಲವೆ ಹುಳಿ ಮಜ್ಜಿಗೆಯಲ್ಲಿ ಕಲಸಿದ ಅಂಬಲಿ. ಅಕ್ಕಿಯ ಅನ್ನ ನಮ್ಮ ಊರುಗಳಲ್ಲಿ ಹಬ್ಬದ ಊಟವಾಗಿತ್ತು. 1983ರಲ್ಲಿ, ಆಗ ನಮ್ಮ ಸೀಮೆಯೂ ಸೇರಿದ್ದ ಆಂಧ್ರಪ್ರದೇಶದಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಕಿಲೋಗೆ 2 ರೂಪಾಯಿಯ ಅಕ್ಕಿ ಕೊಡತೊಡಗಿತು. ಮುಂದೆ ಕೃಷ್ಣೆಯ ಜುರಾಲ ಅಣೆಕಟ್ಟಿನ ಕಾಲುವೆಯ ನೀರು ಬಂದ ಕಡೆ ಭತ್ತದ ಗದ್ದೆಗಳೂ ಬಂದವು. ಹಸಿವಿನ ದೃಷ್ಟಿಯಿಂದ ಅದು ದೊಡ್ಡ ಉಪಕಾರ. ಆದರೆ ರೊಟ್ಟಿಯ ಜಾಗಕ್ಕೆ ಅನ್ನ ಬಂದಾಗ, ನಾಳೆಗೂ ಇರಲಿ ಎಂದು ಎತ್ತಿಡುವ ರೊಟ್ಟಿಯ ಕಾಲದ ರೂಢಿ ಹಾಗೆಯೇ ಉಳಿದುಕೊಂಡಿತು. ಬೆಂದ ಅನ್ನದಲ್ಲಿ ಮೂರರಲ್ಲಿ ಎರಡು ಪಾಲು ನೀರೇ. ಒಣ ಪದಾರ್ಥಕ್ಕೆ ಹೊಂದುವ ಜಾಣತನ ಹಸಿ ಪದಾರ್ಥಕ್ಕೆ ಹೊಂದುವುದಿಲ್ಲ. ಹಿರಿಯರು ತಪ್ಪು ಮಾಡಿರಲಿಲ್ಲ. ತಟ್ಟೆಯಲ್ಲಿರುವ ಪದಾರ್ಥ ಬದಲಾಗಿದೆ, ಅಷ್ಟೇ.

ಅನ್ನ ಕೆಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಸಹಜವಾಗಿಯೇ ಇರುತ್ತವೆ. ಅನ್ನ ಕುದಿದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗಾದಾಗ ಮೊಳೆತು, ಹೆಚ್ಚಿ, ವಿಷವನ್ನು ಬಿಡುತ್ತವೆ. ದೊಡ್ಡ ಪಾತ್ರೆಯಲ್ಲಿ ಒತ್ತಾಗಿ ತುಂಬಿದ ಅನ್ನದ ನಡುಭಾಗ ಗಂಟೆಗಟ್ಟಲೆ ಆ ಹದದಲ್ಲೇ ಇರುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಮನೆಯಂತೂ ರಾತ್ರಿಯಿಡೀ ಅದೇ ಹದ. ಮತ್ತೆ ಕುದಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ವಾಂತಿ ತರಿಸುವ ಆ ವಿಷ ಕುದಿಯುವ ಶಾಖಕ್ಕೂ ಜಗ್ಗುವುದಿಲ್ಲ. ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೆ ವಾಸನೆ ಮುಚ್ಚುತ್ತದೆ, ವಿಷ ಮುಚ್ಚುವುದಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸೂತ್ರದಲ್ಲಿ ಹೊತ್ತಿಗೆ ಮಹತ್ವ. ಬೆಂದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬಾರದು. ಬಡಿಸುವವರೆಗೆ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಎತ್ತಿಡುವುದಾದರೆ 5 ಡಿಗ್ರಿಗಿಂತ ತಣ್ಣಗಿರಬೇಕು. ಫ್ರಿಜ್ ಇಲ್ಲದ ಮನೆಯವರು ಏನು ಮಾಡಬೇಕು? ಅಕ್ಕಿ ಅಳೆಯುವಾಗಲೇ ಅರ್ಧ ಪಾವು ಕಡಿಮೆ ಹಾಕಬೇಕು. ಕೊರತೆ ಬಿದ್ದರೆ ಬುಟ್ಟಿಯ ರೊಟ್ಟಿ ಇದ್ದೇ ಇದೆ. ಮಧ್ಯಾಹ್ನ ಮಿಕ್ಕ ಅನ್ನವನ್ನು ರಾತ್ರಿಗೆಂದು ಎತ್ತಿಡದೆ, ಆಗಲೇ ಹಂಚಿ ಉಣ್ಣಬೇಕು. ಉಳಿತಾಯ ಅಕ್ಕಿಯ ಅಳತೆಯಲ್ಲಿದೆ, ಅನ್ನದ ಪಾತ್ರೆಯಲ್ಲಿಲ್ಲ.

ಈಗ ಶೇಂಗಾಕ್ಕೆ ಬರೋಣ. ಇದು ನಮ್ಮ ಸೀಮೆಯ ಹಣದ ಬೆಳೆ, ನಮ್ಮ ಎಣ್ಣೆ, ನಮ್ಮ ಚಟ್ನಿ. ಕಾಯಿ ಒಡೆದು ಬೀಜ ಆರಿಸುವಾಗ ದುಂಡನೆಯ, ಹೊಳಪಿನ ಬೀಜ ಮಾರಾಟಕ್ಕೆ ಹೋಗುತ್ತದೆ. ಸೊರಗಿದ್ದು, ಮುರಿದದ್ದು, ಕಪ್ಪಾದದ್ದು ಮನೆಗೆ ಇಲ್ಲವೆ ಗಾಣಕ್ಕೆ ಉಳಿಯುತ್ತದೆ. ಒಳ್ಳೆಯದನ್ನು ಮಾರಿ, ಉಳಿದದ್ದನ್ನು ನಾವು ತಿನ್ನೋಣ ಎಂಬ ಈ ಲೆಕ್ಕ ಮೇಲುನೋಟಕ್ಕೆ ರೈತನ ತ್ಯಾಗದಂತೆ ಕಾಣುತ್ತದೆ. ಆದರೆ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ತುಂಬುವುದು ಹೆಚ್ಚಾಗಿ ಆ ಸೊರಗಿದ, ಬಣ್ಣಗೆಟ್ಟ ಬೀಜಗಳಲ್ಲೇ. ಮೂಟೆಯಲ್ಲಿ ಕೆಲವೇ ಬೀಜಗಳು ಇಡೀ ಮೂಟೆಯ ವಿಷವನ್ನು ಹೊತ್ತಿರಬಹುದು. ಹುರಿದರೆ ಅದು ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಖಾರ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಕುಟ್ಟಿದ ಮೇಲೆ ಕಹಿಯೂ ಗೊತ್ತಾಗುವುದಿಲ್ಲ.

ಈ ವಿಷ ಜಗತ್ತಿಗೆ ಗೊತ್ತಾದದ್ದೂ ಶೇಂಗಾದಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯನ್ನು ಅವಕ್ಕೆ ಮೇವಾಗಿ ಹಾಕಿದ್ದರು. ಕಾರಣ ಹುಡುಕುತ್ತ ಹೋದವರಿಗೆ ಅಫ್ಲಾಟಾಕ್ಸಿನ್ ಸಿಕ್ಕಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಂದು ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಬಾಧೆ ಮುಖ್ಯವಾಗಿ ಯಕೃತ್ತಿಗೆ. ಪ್ರಮಾಣ ಎಷ್ಟು ಸಣ್ಣದೆಂದರೆ ಅದನ್ನು ಗ್ರಾಮಿನ ಹತ್ತು ಲಕ್ಷದ ಒಂದು ಪಾಲಾದ ಮೈಕ್ರೊಗ್ರಾಂನಲ್ಲಿ ಅಳೆಯುತ್ತಾರೆ. ಇನ್ನೂ ಒಂದು ಸುತ್ತು ಇದೆ. ಗಾಣದಲ್ಲಿ ಎಣ್ಣೆ ತೆಗೆದಾಗ ವಿಷದ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಆ ಹಿಂಡಿಯನ್ನು ಎಮ್ಮೆ ತಿಂದರೆ, ವಿಷದ ಇನ್ನೊಂದು ರೂಪ ಒಂದೆರಡು ದಿನದೊಳಗೆ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ಹಾಲಿನಲ್ಲಿ ಕಿಲೋಗೆ 0.5 ಮೈಕ್ರೊಗ್ರಾಂ ಮೀರಬಾರದೆಂದು ನಮ್ಮ ದೇಶದ ಕಾನೂನು ಮಿತಿ ಹಾಕಿರುವುದು ಇದಕ್ಕೇ. ಒಂದು ಬೊಗಸೆ ಕಪ್ಪು ಬೀಜ ಉಳಿಸಿದ್ದಕ್ಕೆ ಬೆಲೆ ತೆರುವುದು ಹೀಗೆ ಮನೆಯ ಸಣ್ಣ ಮಗು.

ತಡೆಯುವುದು ಕಷ್ಟವೇ? ಅಲ್ಲ, ಆದರೆ ಮುಂಚೆಯೇ ಮಾಡಬೇಕು. ಕಿತ್ತ ಗಿಡಗಳನ್ನು ಹಸಿಯಾಗಿ ಗುಡ್ಡೆ ಹಾಕದೆ, ಕಾಯಿ ಮೇಲಾಗಿ ಬಿಸಿಲಿಗೆ ಒಡ್ಡಬೇಕು. ಕಾಯಿ ಅಲ್ಲಾಡಿಸಿದರೆ ಬೀಜ ಗಿಲಕಿಯಂತೆ ಸದ್ದು ಮಾಡಬೇಕು, ಬೀಜವನ್ನು ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಕಳಚಬೇಕು. ಆಗ ಒಣಗಿದೆ ಎಂದರ್ಥ. ಒಡೆಯುವಾಗ ಬೀಜ ಮುರಿಯದಿರಲಿ ಎಂದು ಕಾಯಿಗೆ ನೀರು ಚಿಮುಕಿಸುವ ರೂಢಿ ಹಲವು ಕಡೆ ಇದೆ. ಬೂಷ್ಟಿಗೆ ಇದಕ್ಕಿಂತ ದೊಡ್ಡ ಆಮಂತ್ರಣ ಬೇಡ. ಮೂಟೆಯನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಬೇಕು. ಕೊನೆಗೆ ಮೊರದಲ್ಲಿ ಹರವಿ, ಬಣ್ಣಗೆಟ್ಟ, ಸೊರಗಿದ, ಬೂಷ್ಟು ಹಿಡಿದ ಬೀಜಗಳನ್ನು ಆರಿಸಿ ತೆಗೆದು, ದನಕ್ಕೂ ಹಾಕದೆ ಬಿಸಾಡಬೇಕು.

ಬಡವನಿಗೆ ಬಿಸಾಡು ಎಂದು ಹೇಳುವುದು ಸುಲಭ, ಅವನು ಏನು ತಿನ್ನಬೇಕು ಎಂಬುದು ಇನ್ನೊಂದು ಆಕ್ಷೇಪ. ಎಲ್ಲಕ್ಕಿಂತ ತೂಕದ ಆಕ್ಷೇಪ ಇದು. 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳ ಹಳ್ಳಿಗಳಲ್ಲಿ ಅಕಾಲ ಮಳೆಗೆ ಮೆಕ್ಕೆಜೋಳ ನೆನೆದು ಬೂಷ್ಟು ಹಿಡಿಯಿತು. ಬೇರೆ ಕಾಳಿಲ್ಲದವರು ಅದನ್ನೇ ತಿಂದರು. ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ರೋಗ ತಗುಲಿದ 397 ಜನರಲ್ಲಿ 106 ಜನ ಸತ್ತರು. ಮನೆಯವರ ಊಟದಲ್ಲಿ ಪಾಲು ಪಡೆದ ನಾಯಿಗಳಿಗೂ ಅದೇ ಗತಿಯಾಯಿತು. ಅದನ್ನು ಅಧ್ಯಯನ ಮಾಡಿದ್ದು ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ. ಆ ಜನ ಅಜಾಗರೂಕರಾಗಿರಲಿಲ್ಲ, ಅವರಿಗೆ ಬೇರೆ ದಾರಿ ಇರಲಿಲ್ಲ. ಆದ್ದರಿಂದ ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಅದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಕಾಳು ಕೆಡುವ ಮುಂಚೆ ಒಣಗಿಸಲು ಕಣ, ಹೊದಿಸಲು ತಾಡಪಾಲು, ಕೆಟ್ಟ ವರ್ಷದಲ್ಲಿ ಬದಲಿಗೆ ಪಡಿತರ, ಇವು ಸಮಾಜ ಒದಗಿಸಬೇಕಾದ ಉಳಿತಾಯ. ಆದರೆ ಇಷ್ಟು ಕಡುಕಷ್ಟದಲ್ಲಿಲ್ಲದ ಮನೆಯವರು ಒಂದು ಹಿಡಿ ಬೀಜ ಬಿಸಾಡಲು ಹಿಂಜರಿದರೆ ಅದಕ್ಕೆ ಬಡತನದ ಹೆಸರು ಹೇಳುವಂತಿಲ್ಲ. ಕಾಯಿಲೆಗೆ ಮೊದಲು ಸೋಲುವವನು ಕೂಲಿಯವನೇ. ಮಲಗಿದ ದಿನದ ಕೂಲಿಯೂ ಹೋಯಿತು, ಔಷಧಕ್ಕೆ ದುಡ್ಡೂ ಹೋಯಿತು.

ಡಬ್ಬಿಯ ಮಾತು ಇನ್ನೂ ಉಳಿದಿದೆ. ಒಂದು ವಸ್ತುವನ್ನು ಹಲವು ಸಲ ಬಳಸುವುದು ಒಳ್ಳೆಯ ಗುಣ. ಹಳೆಯ ಸೀರೆ ಕೌದಿಯಾಗುತ್ತದೆ, ಎಣ್ಣೆಯ ಡಬ್ಬ ಕಾಳಿನ ಡಬ್ಬವಾಗುತ್ತದೆ. ಆದರೆ ಹತ್ತಿಗೆ ಹೊಡೆದ ಔಷಧದ ಡಬ್ಬಿ ಎಷ್ಟು ತೊಳೆದರೂ ಅಡುಗೆಮನೆಗೆ ಬರಬಾರದು. ಕೀಟನಾಶಕ ಅಡುಗೆಗೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಊರಿನ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿದ್ದು ಪರೀಕ್ಷೆಯಲ್ಲಿ ಗೊತ್ತಾಯಿತು. ಡಬ್ಬಿಯನ್ನು ಹೊಲದಲ್ಲಿಯೇ ತೂತು ಮಾಡಿ ಕೆಡಿಸುವುದು ಇಲ್ಲಿ ನಿಜವಾದ ಜಾಣತನ.

ನಮ್ಮಲ್ಲೂ ಎಚ್ಚರಿಕೆಯ ಗಂಟೆ ಬಾರಿಸಿದೆ. 2024ರ ನವೆಂಬರಿನಲ್ಲಿ ಮಾಗನೂರಿನ ಜಿಲ್ಲಾ ಪರಿಷತ್ ಪ್ರೌಢಶಾಲೆಯಲ್ಲಿ ಮಧ್ಯಾಹ್ನದ ಊಟದ ನಂತರ ಹಲವಾರು ಮಕ್ಕಳು ಅಸ್ವಸ್ಥರಾಗಿ ಮಕ್ತಲದ ಆಸ್ಪತ್ರೆ ಸೇರಿದರು. ಒಂದು ವಾರದೊಳಗೆ ಅದೇ ಶಾಲೆಯಲ್ಲಿ ಮತ್ತೆ ಮಕ್ಕಳು ಅಸ್ವಸ್ಥರಾದರು. ತೆಲಂಗಾಣ ಹೈಕೋರ್ಟು ಸರ್ಕಾರವನ್ನು ಪ್ರಶ್ನಿಸಿತು. ಇದು ಸರ್ಕಾರದ ಕೆಲಸ, ಮನೆಯವರು ಏನು ಮಾಡಿಯಾರು ಎಂದು ಕೇಳಬಹುದು. ಸರ್ಕಾರದ ಹೊಣೆ ದೊಡ್ಡದೇ, ಅದನ್ನು ಕೇಳುವ ಹಕ್ಕೂ ನಮ್ಮದೇ. ಆದರೆ ಬಡಿಸುವ ಮುಂಚೆ ದೊಡ್ಡವರು ರುಚಿ ನೋಡುವ ನಿಯಮವೊಂದರಿಂದ ಎಲ್ಲವೂ ಸಿಕ್ಕಿಬೀಳುವುದಿಲ್ಲ. ಇಂಥ ಹಲವು ವಿಷಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅವುಗಳ ಬಾಧೆ ಕಾಣಿಸಲು ಗಂಟೆಗಳು ಬೇಕು. ಹಾಗಾಗಿ ಶಾಲೆಯ ಅಡುಗೆಕೋಣೆಯಲ್ಲೂ ಪ್ರಶ್ನೆ ಕೆಡುವುದಕ್ಕೆ ಮುಂಚಿನದ್ದೇ ಆಗಬೇಕು. ಅಕ್ಕಿ ಎಲ್ಲಿ ಇಟ್ಟಿದ್ದಾರೆ? ನೀರು ಎಲ್ಲಿಂದ ಬಂತು? ಬೇಳೆಗೆ ಹುಳ ಬಿದ್ದಿದೆಯೇ? ಅಡುಗೆ ಎಷ್ಟು ಗಂಟೆಗೆ ಮುಗಿಯಿತು, ಬಡಿಸಿದ್ದು ಎಷ್ಟಕ್ಕೆ? ಶಾಲಾ ಸಮಿತಿಯ ಸಭೆಗೆ ಹೋಗುವ ತಾಯಂದಿರು ಈ ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಅಡುಗೆಯವರಿಗೆ ಕೊಡುವ ಹಣ ತಡವಾದರೆ ಅಗ್ಗದ ಸಾಮಾನು ತರುವ ಒತ್ತಡ ಹೆಚ್ಚುತ್ತದೆ ಎಂಬುದನ್ನೂ ಅಲ್ಲಿ ಹೇಳಬಹುದು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಪೋಲಾಯಿತು, ಅದರಲ್ಲಿ ಸುಮಾರು ಶೇಕಡ 60 ಮನೆಗಳಲ್ಲೇ. ಅದನ್ನು ಕಡಿಮೆ ಮಾಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಕೆಟ್ಟದ್ದನ್ನು ತಿಂದು ಅದನ್ನು ಕಡಿಮೆ ಮಾಡಲಾಗದು ಎಂಬುದಷ್ಟೇ ನನ್ನ ಮಾತು. ಅಳೆದು ಬೇಯಿಸುವುದು, ಒಣಗಿಸಿ ಇಡುವುದು, ಹೊತ್ತಿಗೆ ಸರಿಯಾಗಿ ಹಂಚುವುದು, ಇವು ಮೂರೂ ದುಡ್ಡು ಕೇಳುವುದಿಲ್ಲ, ಗಮನ ಕೇಳುತ್ತವೆ. ಇವು ತಪ್ಪಿ ಪದಾರ್ಥ ಕೆಟ್ಟರೆ, ಅದನ್ನು ಬಿಸಾಡುವಾಗ ಪಾಪಪ್ರಜ್ಞೆ ಬೇಡ. ಎಲ್ಲಿ ಮುಂಚೆ ಕೈ ಹಾಕಬೇಕಿತ್ತು ಎಂದು ಮನೆಯವರೆಲ್ಲ ಕೂತು ಯೋಚಿಸಿದರೆ ಆ ನಷ್ಟವೂ ಒಂದೇ ಸಲಕ್ಕೆ ಮುಗಿಯುತ್ತದೆ.