ಆಮ್ಲವೂ ನಮ್ಮ ನೆಲದ ಕಲ್ಲೂ

 

ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಆದರೂ ಇಂದು ಕಂಪ್ಯೂಟರ್ ಬಿಟ್ಟು, ಇದೇ ಶಾಲೆಯಲ್ಲಿ ಕಲಿತ ಆಮ್ಲಗಳ ಪಾಠದ ಬಗ್ಗೆ ಎರಡು ಮಾತು ಹೇಳುತ್ತೇನೆ. ಆ ಪಾಠ ಯಾದಗಿರಿ, ಶಹಾಪುರ, ಸುರಪುರದ ಹೊಲ ಮನೆಗಳಲ್ಲೇ ಇದೆ.

ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್, ಮಜ್ಜಿಗೆಯಲ್ಲಿ ಲ್ಯಾಕ್ಟಿಕ್. ಚಳಿಗಾಲದಲ್ಲಿ ಕಡಲೆ ಗಿಡದ ಎಲೆ ಬಾಯಿಗಿಟ್ಟರೆ ಹತ್ತುವ ಹುಳಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲದ್ದು. ಕಾರ್ಖಾನೆಗಳಲ್ಲಿ ಹೆಚ್ಚು ಬಳಕೆಯಾಗುವುದು ಸಲ್ಫ್ಯೂರಿಕ್ ಆಮ್ಲ. ಟ್ರ್ಯಾಕ್ಟರ್ ಬ್ಯಾಟರಿಯಲ್ಲಿರುವುದೂ ಅದೇ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆಯುವ ಭತ್ತಕ್ಕೆ ಹಾಕುವ ಡಿ.ಎ.ಪಿ. ಗೊಬ್ಬರ ತಯಾರಿಸಲೂ ಅದು ಬೇಕು. ಫಾಸ್ಫೇಟ್ ಕಲ್ಲಿನಿಂದ ಫಾಸ್ಫಾರಿಕ್ ಆಮ್ಲ ತೆಗೆಯುವುದು ಅದರಿಂದಲೇ.

ಆಮ್ಲದ ಗುಣ ಅಷ್ಟೇ ಅಲ್ಲ, ಅದು ಯಾವುದನ್ನು ಮುಟ್ಟುತ್ತದೆ ಎಂಬುದೂ ಮುಖ್ಯ. ಹುಣಸೆಹುಳಿ ತಾಮ್ರದ ಕೊಡವನ್ನು ಬೆಳಗುತ್ತದೆ. ಅದೇ ಹುಳಿ ಪರಸಿ ಕಲ್ಲಿನ ಮೇಲೆ ಬಿದ್ದರೆ ಕಲೆಯಾಗುತ್ತದೆ. ಪರಸಿ ಸುಣ್ಣದ ಕಲ್ಲು. ಆಮ್ಲ ತಾಗಿದರೆ ಅದು ಕರಗುತ್ತಾ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ.

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಪತ್ತೆಯಾಗಿರುವುದು ನಿಮಗೆ ಗೊತ್ತು. ಜಾರ್ಖಂಡ್‌ನ ಜಾದುಗುಡದಲ್ಲಿ ಅದಿರಿನಿಂದ ಯುರೇನಿಯಂ ಬಿಡಿಸಲು ಸಲ್ಫ್ಯೂರಿಕ್ ಆಮ್ಲ ಬಳಸುತ್ತಾರೆ. ಗೋಗಿಯ ಅದಿರಿನಲ್ಲಿ ಸುಣ್ಣದ ಕಲ್ಲು ಬೆರೆತಿದೆ. ಅದಕ್ಕೆ ಆಮ್ಲ ಸುರಿದರೆ ಕಲ್ಲೇ ಆಮ್ಲವನ್ನು ನುಂಗಿಬಿಡುತ್ತದೆ. ಇಂಥ ಅದಿರಿಗೆ ಕ್ಷಾರದ ವಿಧಾನವೇ ಸರಿ. ಆಂಧ್ರದ ತುಮ್ಮಲಪಲ್ಲಿಯಲ್ಲಿ ಹಾಗೆಯೇ ಮಾಡುತ್ತಾರೆ. ಹತ್ತನೆಯ ತರಗತಿಯ ಒಂದು ಸಮೀಕರಣ ಗೊತ್ತಿದ್ದರೆ, ನಮ್ಮೂರಿನ ಬಗ್ಗೆ ದೊಡ್ಡವರು ಆಡುವ ಮಾತು ನಮಗೂ ಅರ್ಥವಾಗುತ್ತದೆ, ಪ್ರಶ್ನೆ ಕೇಳಲೂ ಬರುತ್ತದೆ.

ಇದೇ ತಿಳಿವಳಿಕೆ ಜೀವವನ್ನೂ ಉಳಿಸುತ್ತದೆ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಹೈಡ್ರೋಕ್ಲೋರಿಕ್ ಆಮ್ಲ. ಅದಕ್ಕೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಕುತ್ತು. ತಣ್ಣಗಿನ ಪಾನೀಯದ ಹಳೆಯ ಬಾಟಲಿಯಲ್ಲಿ ಆ್ಯಸಿಡ್ ತುಂಬಿಡಬೇಡಿ. ಚಿಕ್ಕ ತಮ್ಮ ತಂಗಿಯರು ನೀರೆಂದು ಕುಡಿದಾರು. ತೆಳುಮಾಡುವಾಗ ನೀರಿಗೆ ಆಮ್ಲವನ್ನು ಹಾಕಬೇಕು, ಆಮ್ಲಕ್ಕೆ ನೀರನ್ನಲ್ಲ. ಮೈಗೆ ಸಿಡಿದರೆ ತಡಮಾಡದೆ ಧಾರಾಳವಾಗಿ ನೀರು ಸುರಿಯುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆ.

ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಮಕ್ಕಳಲ್ಲಿ ನನ್ನದೊಂದೇ ಬೇಡಿಕೆ. ನಾಳೆ ಒಂದು ಪರಸಿ ಚೂರು, ಒಂದು ನಿಂಬೆಹೋಳು ತನ್ನಿ. ಗುರುಗಳ ಮುಂದೆ ಎರಡು ಹನಿ ಹಿಂಡಿ ನೋಡಿ. ಏನಾಯಿತೆಂದು ಇಂದು ರಾತ್ರಿ ಈ ಮಾತನ್ನು ಕೇಳದ ಮನೆಯವರಿಗೂ ಹೇಳಿ.